ಅರವತ್ತೈದು ದಾಟಿದ ಮೇಲೆ

ಸರಕಾರವು ಬಡವರಿಗೆ ಎಷ್ಟು ಕೊಡಬೇಕೆಂಬ ಚರ್ಚೆ ಚುನಾವಣೆ ಬಂದಾಗ ಬಿಸಿಯೇರಿ, ಮತ ಎಣಿಕೆಯ ಮರುದಿನ ತಣ್ಣಗಾಗುತ್ತದೆ. 2022ರ ಜುಲೈ ತಿಂಗಳಲ್ಲಿ ಪ್ರಧಾನಿ ನರೇಂದ್ರ ಮೋದಿಯವರು 'ರೇವಡಿ ಸಂಸ್ಕೃತಿ'ಯನ್ನು ಖಂಡಿಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ, ಅವರ ಪಕ್ಷವೂ ಪಾಲುಗೊಂಡಿದ್ದ ಮಹಾರಾಷ್ಟ್ರ ಸರಕಾರ 'ಲಾಡಕೀ ಬಹೀಣ' ಯೋಜನೆಯನ್ನು ಘೋಷಿಸಿತು: 21ರಿಂದ 65 ವಯಸ್ಸಿನ ಅರ್ಹ ಮಹಿಳೆಗೆ ತಿಂಗಳಿಗೆ 1,500 ರೂಪಾಯಿ. ಕರ್ನಾಟಕ 2023ರಲ್ಲಿಯೇ ಗೃಹಲಕ್ಷ್ಮಿಯ 2,000 ರೂಪಾಯಿ ಕೊಡತೊಡಗಿತ್ತು. ಯಾವ ಪಕ್ಷಕ್ಕೂ ಇನ್ನೊಂದನ್ನು ಹಳಿಯುವ ಬಾಯಿ ಉಳಿದಿಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು.

ಮುಂಬಯಿ, ಪುಣೆಗಳ ನಮ್ಮ ಮನೆಗಳಲ್ಲಿ ಕೇಳಿಬರುವ ಆಕ್ಷೇಪ ಬೇರೆ. ಪುಕ್ಕಟೆ ಹಣ ಬಂದರೆ ದುಡಿಯುವವರಾರು ಎಂಬುದು. 1,500 ರೂಪಾಯಿಯೆಂದರೆ ದಿನಕ್ಕೆ 50. ಪಾತ್ರೆ ತೊಳೆಯಲು ಬರುವ ಹೆಂಗಸು ಇಷ್ಟರ ಬಲದಿಂದ ಕೆಲಸ ಬಿಟ್ಟಾಳೆಂದು ನಂಬುವವರು ಆಕೆಯ ಖೋಲಿಯ ಬಾಡಿಗೆಯನ್ನೊಮ್ಮೆ ವಿಚಾರಿಸಬೇಕು. ಹೆಚ್ಚೆಂದರೆ ಜ್ವರ ಬಂದ ದಿನ ಆಕೆ ಮನೆಯಲ್ಲಿ ಮಲಗಿಯಾಳು.

ನಮ್ಮನ್ನು ಕಾಡಬೇಕಾದ ಪ್ರಶ್ನೆ ಆಕೆ 65 ದಾಟಿದ ಮೇಲಿನದು. ಆಗ ಲಾಡಕೀ ಬಹೀಣ ನಿಲ್ಲುತ್ತದೆ. ಶ್ರಾವಣಬಾಳ ನಿವೃತ್ತಿವೇತನವಿದೆಯಲ್ಲ ಎನ್ನಬಹುದು. ಆದರೆ ಕಿರಿಯ ಮಹಿಳೆಗೆ ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷದವರೆಗೆ ಇರಬಹುದೆಂದು 2024ರಲ್ಲಿ ನಿಯಮ ಮಾಡಿದಾಗ, ಶ್ರಾವಣಬಾಳದ ಮಿತಿ ಇದ್ದುದು 21,000 ರೂಪಾಯಿ. ತಿಂಗಳಿಗೆ 1,750. ಮಗ ವಾರದಲ್ಲಿ ಒಂದೆರಡು ದಿನ ಕೂಲಿಗೆ ಹೋದರೂ ಮುದುಕಿಯ ಅರ್ಜಿ ತಳ್ಳಿಹೋಗುತ್ತದೆ. ಇಲ್ಲವೇ ಆಕೆ ಸುಳ್ಳು ಆದಾಯ ಪತ್ರ ತರಬೇಕಾಗುತ್ತದೆ. ಕೇಂದ್ರದ ವೃದ್ಧಾಪ್ಯ ವೇತನದಲ್ಲಂತೂ 80 ತುಂಬದವರಿಗೆ ದಿಲ್ಲಿಯ ಪಾಲು 2007ರಿಂದಲೂ 200 ರೂಪಾಯಿಯೇ. ಅಂದಿನ ಅಕ್ಕಿಯ ಬೆಲೆ ನೆನಪಿರುವವರು ಲೆಕ್ಕ ಹಾಕಿಕೊಳ್ಳಲಿ.

ಬೊಕ್ಕಸದ ಚಿಂತೆ ಸುಳ್ಳಲ್ಲ. 2025ರಲ್ಲಿ ಸಾಮಾಜಿಕ ನ್ಯಾಯ ಇಲಾಖೆಯ ಹಣವನ್ನು ಲಾಡಕೀ ಬಹೀಣಕ್ಕೆ ತಿರುಗಿಸಿದಾಗ, ಆ ಇಲಾಖೆಯ ಸಚಿವ ಸಂಜಯ ಶಿರಸಾಟರೇ ಬಹಿರಂಗವಾಗಿ ಆಕ್ಷೇಪಿಸಿದರು. ಒಬ್ಬ ಬಡವನ ತಟ್ಟೆಯಿಂದ ತೆಗೆದು ಇನ್ನೊಬ್ಬನಿಗೆ ಬಡಿಸುವುದು ಔದಾರ್ಯವೆನಿಸದು. ಕೊಡುವ ಮೊತ್ತವನ್ನು 2,100ಕ್ಕೆ ಏರಿಸುವ ವಾಗ್ದಾನ 2024ರ ಚುನಾವಣೆಯಲ್ಲಿ ಕೇಳಿಬಂತು. ಅದಕ್ಕೂ ಮೊದಲು ವೃದ್ಧರ ಆದಾಯ ಮಿತಿಯನ್ನು ಎರಡೂವರೆ ಲಕ್ಷಕ್ಕೆ ತರಲಿ ಎಂಬುದು ನಮ್ಮ ನಿಲುವು. ಮಹಾರಾಷ್ಟ್ರದಲ್ಲಿ ಮತದಾರರಾಗಿರುವ ಓದುಗರು ಮತ ಕೇಳಲು ಬರುವವರ ಮುಂದೆ ಈ 21,000ದ ಅಂಕಿಯನ್ನಿಡಬೇಕು. ತಮ್ಮ ಮನೆಯಲ್ಲಿ ದುಡಿದು ಮುದಿಯಾದವರಿದ್ದರೆ, ಅವರ ಶ್ರಾವಣಬಾಳ ಅರ್ಜಿಗಾಗಿ ತಹಸೀಲ್ದಾರ ಕಚೇರಿಗೆ ಒಮ್ಮೆ ಜೊತೆಗೆ ಹೋಗಿಬರಲೂಬಹುದು.