ರಕ್ತ ಬಾರದ ಗಾಯವನ್ನೂ ಅಳೆಯಿರಿ

2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ನಿಡೊ ತಾನಿಯಾಮ್ ಎಂಬ ಹುಡುಗನ ಕೂದಲನ್ನು ಗೇಲಿ ಮಾಡಿದರು. ಮಾತಿಗೆ ಮಾತು ಬೆಳೆಯಿತು, ಹೊಡೆದರು, ಆತ ಸತ್ತ. ಆಮೇಲೆ ಕೇಂದ್ರ ಸರ್ಕಾರದ ಬೆಜ್‌ಬರುವಾ ಸಮಿತಿ ಬಂತು. ಜನಾಂಗೀಯ ನಿಂದನೆಯನ್ನು ಅಪರಾಧವೆಂದು ಕಾನೂನಿಗೆ ಸೇರಿಸಿ ಎಂದು ಅದೇ ವರ್ಷ ವರದಿ ಕೊಟ್ಟಿತು. ಹೆಣ ಬಿದ್ದ ಮೇಲಷ್ಟೇ ನಾವು ಲೆಕ್ಕ ಹಿಡಿಯುತ್ತೇವೆ. ಸಾಯದೆ, ದಿನವೂ 'ಚಿಂಕಿ' ಎಂಬ ಬೈಗುಳ ಕೇಳಿಸಿಕೊಂಡು ಕೆಲಸಕ್ಕೆ ಹೋಗಿ ಬರುವವರ ಲೆಕ್ಕ ಯಾವ ಕಡತದಲ್ಲಿದೆ?

2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿಯಾಗುತ್ತದೆಂಬ ವದಂತಿ ಎಸ್ಸೆಮ್ಮೆಸ್ಸಿನಲ್ಲಿ ಹಬ್ಬಿದ್ದಕ್ಕೆ ಈಶಾನ್ಯದ ಸಾವಿರಾರು ಮಂದಿ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಪೊಲೀಸರು, ಮಂತ್ರಿಗಳು ಅಭಯ ಕೊಟ್ಟರೂ ಜನ ನಿಲ್ಲಲಿಲ್ಲ. ಅಷ್ಟು ಭಯ ಒಂದು ಎಸ್ಸೆಮ್ಮೆಸ್ಸಿನಿಂದ ಹುಟ್ಟುವುದಿಲ್ಲ. ವರ್ಷಗಟ್ಟಲೆ ಒಳಗೆ ಕೂಡುತ್ತಾ ಬಂದದ್ದು ಅದು.

ದಿನದಿನದ ಅವಮಾನ ಮಾಡುವ ಈ ಗಾಯವನ್ನು ಅಳೆಯಲು ಬರುತ್ತದೆ. ಅಮೆರಿಕದಲ್ಲಿ ಡೇವಿಡ್ ವಿಲಿಯಮ್ಸ್ ಮತ್ತು ಸಂಗಡಿಗರು 1997ರಲ್ಲೇ ಸರಳ ಪ್ರಶ್ನೆಗಳ ಮಾಪಕವೊಂದನ್ನು ಮಾಡಿದರು. ಜನ ನಿಮಗೆ ಕಡಿಮೆ ಮರ್ಯಾದೆ ಕೊಡುತ್ತಾರೆಯೆ, ಹೋಟೆಲಿನಲ್ಲಿ ಅಸಡ್ಡೆ ಮಾಡುತ್ತಾರೆಯೆ, ನಿಮ್ಮನ್ನು ಕಂಡು ಹೆದರಿದಂತೆ ಆಡುತ್ತಾರೆಯೆ, ಎಷ್ಟು ಸಲ? ಹೆಚ್ಚು ಸಲ ಎಂದವರಲ್ಲಿ ಖಿನ್ನತೆಯೂ ನಿದ್ದೆಗೇಡೂ ಹೆಚ್ಚೆಂದು ಅಧ್ಯಯನದ ಮೇಲೆ ಅಧ್ಯಯನ ತೋರಿಸಿದೆ. ರಾಬರ್ಟ್ ಕಾರ್ಟರ್ ಇನ್ನೂ ಮುಂದೆ ಹೋಗಿ, ಅವಮಾನದ ನೆನಪು ಮರುಕಳಿಸುವುದು, ಸದಾ ಎಚ್ಚರದಲ್ಲಿರುವುದು, ಸಿಟ್ಟು, ಜನರಿಂದ ದೂರ ಸರಿಯುವುದು ಇವೆಲ್ಲ ಜನಾಂಗದ್ವೇಷ ಮಾಡಿದ ಗಾಯದ ಗುರುತುಗಳೆಂದು ಎಣಿಸುವ ಮಾಪಕ ರೂಪಿಸಿದರು. ಆದರೆ ಆ ದೇಶದ ಮನೋವೈದ್ಯರ ಕೈಪಿಡಿಯೇ ಇಂದಿಗೂ ಆಘಾತವೆನ್ನಲು ಸಾವಿನ ಬೆದರಿಕೆ, ಗಂಭೀರ ಪೆಟ್ಟು ಅಥವಾ ಲೈಂಗಿಕ ಹಿಂಸೆಯನ್ನು ಕೇಳುತ್ತದೆ. ದಿನದಿನದ ಅವಮಾನಕ್ಕೆ ಅಲ್ಲಿ ಜಾಗವಿಲ್ಲ. ಇದು ಅನ್ಯಾಯ.

ನಮ್ಮಲ್ಲಂತೂ ಇಂಥ ನೋವಿನ ಬಗ್ಗೆ ಕೇಳುವ ಅಭ್ಯಾಸವೇ ಇಲ್ಲ. ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿಗಳು ಶತಮಾನಗಳಿಂದ ಈ ನೆಲದವರು, ಕನ್ನಡ ಕೊಂಕಣಿ ಆಡುವವರು. ಅವರನ್ನೂ 'ಯಾವ ದೇಶದವರು' ಎಂದು ಕೇಳುತ್ತೇವೆ. ಹಾಗೆ ಕೇಳಿಸಿಕೊಂಡೇ ಬೆಳೆದ ಮಗುವಿನ ಮನಸ್ಸಿಗೆ ಏನಾಗುತ್ತದೆಂದು ತಿಳಿಯಲು ಅಮೆರಿಕದ ಪ್ರಶ್ನೆಪತ್ರಿಕೆ ಸಾಲದು. ಪ್ರಶ್ನೆಗಳು ಅವರ ಬದುಕಿನಿಂದ, ಅವರನ್ನೇ ಕೂರಿಸಿಕೊಂಡು, ಅವರ ಮಾತಿನಲ್ಲೇ ಹುಟ್ಟಬೇಕು.

ವೈದ್ಯರೇ, ಆಪ್ತಸಮಾಲೋಚಕರೇ, ನಿದ್ದೆ ಬರುತ್ತಿಲ್ಲ ಎಂದು ಬಂದವರನ್ನು 'ಬೀದಿಯಲ್ಲಿ ಜನ ನಿಮ್ಮನ್ನು ಹೇಗೆ ಕರೆಯುತ್ತಾರೆ' ಎಂದೂ ಕೇಳಿ, ಉತ್ತರವನ್ನು ಬರೆದಿಡಿ. ವಿಶ್ವವಿದ್ಯಾಲಯಗಳೇ, ಈ ಅಧ್ಯಯನಕ್ಕೆ ಹಣ ಕೊಡಿ. ಓದುಗರೇ, ನಿಮ್ಮ ಸಹಪಾಠಿಯೋ ಬಾಡಿಗೆಯವರೋ ಈ ನೋವು ಹೇಳಿಕೊಂಡಾಗ 'ತಮಾಷೆಗೆ ಅಂದದ್ದು ಬಿಡಿ' ಎನ್ನಬೇಡಿ. ಅವರ ಜೊತೆ ನಿಂತು, ಅಂದವನನ್ನು ಅಲ್ಲೇ ತಡೆಯಿರಿ.