ಮುದುಕಿಯ ಬಾಯಿಗೆ ನನ್ನ ಮಾತು

ಎರಡು ಚಿಹ್ನೆಗಾಗಿ ಜಗಳ ತೆಗೆಯುವವನನ್ನು ಜನ ಹುಚ್ಚನೆನ್ನುತ್ತಾರೆ. ಎನ್ನಲಿ. ಆ ಜಗಳ ನಾನು ಆಡಿದ್ದೇನೆ, ಇನ್ನೂ ಆಡುವವನಿದ್ದೇನೆ.

ಒಮ್ಮೆ ನನ್ನದೊಂದು ಕತೆ ಅಚ್ಚಾಯಿತು. ದನದ ಸಂತೆಗೆ ಎತ್ತು ಹೊಡೆದುಕೊಂಡು ಬಂದ ಮೂಡಲಗಿ ಕಡೆಯ ಮುದುಕಿಯ ಕತೆ. ನಾನು ಬರೆದದ್ದು ಹೀಗೆ:

“ಎತ್ತು ನಾ ಮಾರೂದಿಲ್ಲ.” ಬರೀ ಹಟ; ಮನೆಯಲ್ಲಿ ಹಿಡಿ ಜೋಳವಿರಲಿಲ್ಲ. “ಹೊಡಕೊಂಡು ನಡಿ ಮನೀಗೆ.”

ಅಚ್ಚಿನಲ್ಲಿ ನಡುವಿನ ಉದ್ಧರಣ ಚಿಹ್ನೆಗಳು ಹಾರಿಹೋಗಿದ್ದವು. ಪ್ರಾಣ ಹೋದರೂ ಬಡತನವನ್ನು ಬಾಯಿಬಿಟ್ಟು ಹೇಳದ ಮುದುಕಿ ಸಂತೆಯ ನಡುವೆ ನಿಂತು ತನ್ನ ಮಾನ ತಾನೇ ಕಳೆದುಕೊಂಡಳು! ಕೇಳಿದರೆ ಕರಡು ತಿದ್ದಿದವರು, “ಓದವ್ರಿಗೆ ಅರ್ಥ ಆಗ್ತದ ಬಿಡ್ರಿ” ಅಂದರು. ಆಗುತ್ತದೆ ಸ್ವಾಮೀ, ಬೇರೆಯದೇ ಅರ್ಥ.

ಕೆಲ ಪಂಡಿತರು ಇನ್ನೊಂದು ವಾದ ಹೂಡುತ್ತಾರೆ. ತಾಳೆಗರಿಯಲ್ಲಿ ಈ ಚಿಹ್ನೆಗಳೆಲ್ಲಿದ್ದವು? ‘ಎಂದು’, ‘ಎನೆ’, ‘ಎನುತ’ ಸಾಲವೆ? ನಿಜ, ಸಾಕಾಗಿತ್ತು. ಯಾಕೆಂದರೆ ಆ ಕಾವ್ಯವನ್ನು ಗಮಕಿ ಓದುತ್ತಿದ್ದ, ಊರು ಕೇಳುತ್ತಿತ್ತು. ಯಾರ ಮಾತೆಂದು ದನಿಯೇ ಹೇಳುತ್ತಿತ್ತು. ನಮ್ಮ ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿರಿ. ಸತ್ಯಭಾಮೆಯ ಮಾತಿನ ನಡುವೆ ಭಾಗವತ ಬಾಯಿ ಹಾಕುತ್ತಾನೆ, ಕೆಣಕುತ್ತಾನೆ, ನಗಿಸುತ್ತಾನೆ. ಕೌಜಲಗಿ ನಿಂಗಮ್ಮನ ಪಾರಿಜಾತ ನೋಡಿದ ಯಾವ ಒಕ್ಕಲಿಗನಿಗೂ ಯಾರ ಮಾತು ಯಾರದೆಂಬ ಗೊಂದಲವಾಗಲಿಲ್ಲ. ಎದುರಿಗೆ ಇಬ್ಬರು ನಿಂತಿದ್ದರಲ್ಲ! ಅಚ್ಚಿನ ಹಾಳೆಯ ಮೇಲೆ ಯಾರೂ ನಿಂತಿರುವುದಿಲ್ಲ. ಅಲ್ಲಿ ಚಿಹ್ನೆಯೇ ದನಿ.

ಹಾಗೆಂದು ಇಂಗ್ಲಿಷಿನ ಪಡಿಯಚ್ಚು ತಂದು ಒತ್ತುವವರನ್ನೂ ನಾನು ಒಪ್ಪುವುದಿಲ್ಲ. “ನಾಳೆ,” ಅವನು ಹೇಳಿದ, “ಬರ್ತೀನಿ.” ಇದೆಂಥ ಕನ್ನಡ? ಗೋಕಾವಿ ಪ್ಯಾಟ್ಯಾಗ ಯಾರಾದರೂ ಹೀಗೆ ಸುದ್ದಿ ಹೇಳುತ್ತಾರೆಯೇ? “ನಾಳೆ ಬರ್ತೀನಿ” ಅಂದ, ಮುಗಿಯಿತು. ನಮ್ಮ ವಾಕ್ಯದ ಜೀವ ಕೊನೆಯ ಕ್ರಿಯಾಪದದಲ್ಲಿದೆ. ಬರಿಯ ‘ಹೇಳಿದ’ನಿಗಾಗಿ ಅದನ್ನು ತುಂಡರಿಸಬಾರದು. ತುಂಡರಿಸಿದರೆ ಅಲ್ಲೊಂದು ಸಂಗತಿ ನಡೆಯಬೇಕು: “ನಾಳೆ…” ಎಲೆಗೆ ಸುಣ್ಣ ಹಚ್ಚಿದ. “ನಾಳೆ ಬರ್ತೀನಿ.” ಈಗ ಆ ನಿಲುಗಡೆಗೆ ಅರ್ಥವುಂಟು. ಅವನು ಬರುವುದಿಲ್ಲವೆಂದು ಓದುಗನಿಗೆ ಗೊತ್ತಾಯಿತು.

ಈ ಮಾತು ನಮ್ಮ ಭಾಗಕ್ಕೆ ಹೆಚ್ಚು ಸಲ್ಲುತ್ತದೆ. ಗೋಕಾಕ ತಾಲೂಕಿನ ಬೆಟಗೇರಿ ಆನಂದಕಂದರದು, ಮಲಾಮರಡಿ ಕಟ್ಟೀಮನಿಯವರದು. ಹುಕ್ಕೇರಿ ತಾಲೂಕಿನ ಘೋಡಗೇರಿ ಕಂಬಾರರದು. ಇಂಥ ಸೀಮೆಯಲ್ಲಿ ಕತೆ ಬರೆಯುವ ನಮ್ಮ ನಿರೂಪಣೆ ಬಹುಮಟ್ಟಿಗೆ ಪುಸ್ತಕದ ಕನ್ನಡ, ಪಾತ್ರಗಳ ಬಾಯಲ್ಲಿ ಜವಾರಿ ಕನ್ನಡ. ಎರಡರ ನಡುವಿನ ಬಾಂದಗಲ್ಲು ಈ ಚಿಹ್ನೆ. ಹೊಲದ ಬಾಂದಗಲ್ಲು ಒಂದು ಮೊಳ ಸರಿದರೆ ಕೋರ್ಟು ಹತ್ತುವ ಜನ ನಾವು, ಮಾತಿನ ಬಾಂದಗಲ್ಲು ಕಿತ್ತರೆ ಸುಮ್ಮನಿರುತ್ತೇವೆ. ಆಗ ನಷ್ಟ ಯಾರಿಗೆ? ಕಲಿತ ನಿರೂಪಕನಿಗಲ್ಲ, ಕಲಿಯದ ಮುದುಕಿಗೆ. ಅವಳ ಹತ್ತಿರ ಇದ್ದದ್ದೇ ಆ ಎರಡು ಮಾತು.

ಆ ಕತೆ ಮುಂದೆ ಸಂಕಲನಕ್ಕೆ ಸೇರಿತು. ಈ ಸಲ ಕರಡನ್ನು ನಾನೇ ನೋಡಿದೆ, ಮೂರು ಸಲ. ಮುದುಕಿ ಎತ್ತು ಹೊಡೆದುಕೊಂಡು ಮನೆಗೆ ಹೋದಳು, ಯಾರಿಗೂ ಏನೂ ಹೇಳದೆ.