ಅಣಬೆಯ ಕಾಲು ಎಲ್ಲಿಯವರೆಗೆ?

ಮಕ್ಕಳೇ, ಅಣಬೆಯ ಚಿತ್ರ ಬರೆಯಿರಿ ಎಂದರೆ ನೀವು ಒಂದು ಛತ್ರಿ, ಒಂದು ಕೋಲು ಬರೆದು, ಕೆಂಪು ಬಳಿದು, ಬಿಳಿ ಚುಕ್ಕೆ ಇಡುತ್ತೀರಿ. ನಮ್ಮ ಹಮ್ಮಿಗಿಯ ಹೊಲಗಳಲ್ಲಿ ಅಂಥದ್ದನ್ನು ನಾನಂತೂ ಕಂಡಿಲ್ಲ. ಅದು ಪರದೇಶದ ಕಥೆಪುಸ್ತಕದಿಂದ ಬಂದದ್ದು.

ಮಳೆ ಬಿದ್ದ ಮೇಲೆ ಹುತ್ತದ ಸುತ್ತ ಏಳುವ ಅಣಬೆ ನೋಡಿ. ಅದನ್ನು ಬೆಳೆದ ರೈತರು ಗೆದ್ದಲು ಹುಳುಗಳು! ಒಣ ಎಲೆ, ಕಟ್ಟಿಗೆ ತಿಂದು, ಹುತ್ತದೊಳಗೆ ತೂತುತೂತಾದ ಗೂಡು ಕಟ್ಟಿ, ಅದರಲ್ಲಿ ಶಿಲೀಂಧ್ರ ಬೆಳೆಸಿ ಉಣ್ಣುತ್ತವೆ. ಮಳೆಗಾಲದಲ್ಲಿ ಅದೇ ಮೇಲೆ ಬಂದು ಛತ್ರಿ ಬಿಚ್ಚುತ್ತದೆ. ಹೀಗಾಗಿ ಅದರ ಕಾಲು ಬೇರಿನಂತೆ ಆ ಗೂಡಿನವರೆಗೂ ಇಳಿದಿರುತ್ತದೆ. ಮೊಬೈಲಿನಲ್ಲಿ ಛತ್ರಿಯ ಫೋಟೋ ಹೊಡೆದರೆ ಈ ಕಾಲು ಕಾಣುವುದಿಲ್ಲ. ಮಣ್ಣು ಬಿಡಿಸಿ ನೋಡಿದವರೇ ಬರೆಯಬೇಕು. (ಹುತ್ತದಲ್ಲಿ ಹಾವಿರುತ್ತದೆ. ಅಗೆಯುವ ಕೆಲಸ ದೊಡ್ಡವರದು, ಬರೆಯುವುದು ನಿಮ್ಮದು.)

ಪೀಟರ್ ಎಂಬ ಮೊಲದ ಕಥೆ ಬರೆದ ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಹೀಗೆ ನೋಡಿ ಬರೆದವರು. ಅವರ ಜಲವರ್ಣದ ಅಣಬೆ ಚಿತ್ರಗಳು ಸುಮಾರು 350. ಅವರಿಗೆ ಗುರು ಯಾರು ಗೊತ್ತೇ? ಸ್ಕಾಟ್ಲೆಂಡಿನ ಒಬ್ಬ ಅಂಚೆಯಣ್ಣ, ಚಾರ್ಲ್ಸ್ ಮೆಕಿಂಟಾಶ್. ಆತ ಅಣಬೆಗಳನ್ನು ಟಪಾಲಿನಲ್ಲಿ ಕಳಿಸುತ್ತಿದ್ದ. ಅಣಬೆ ಸೀಳಿ ಒಳಭಾಗವನ್ನೂ ಬರೆಯಿರಿ ಎಂದು ಹೇಳಿಕೊಟ್ಟವನೂ ಆತನೇ.

1897ರಲ್ಲಿ ಅಣಬೆಯ ಬೀಜಕಣ ಮೊಳೆಯುವ ಬಗ್ಗೆ ಪಾಟರ್ ಬರೆದ ಲೇಖನ ಲಂಡನ್ನಿನ ಲಿನಿಯನ್ ಸೊಸೈಟಿಗೆ ಹೋಯಿತು. ಆ ಸಭೆಗೆ ಆಗ ಹೆಂಗಸರಿಗೆ ಪ್ರವೇಶವಿಲ್ಲ! ಲೇಖನ ಅಚ್ಚಾಗಲಿಲ್ಲ, ಇಂದು ಅದರ ಪ್ರತಿಯೂ ಇಲ್ಲ. ಚಿತ್ರಗಳು ಉಳಿದವು. ಅವರು ತೀರಿಕೊಂಡು 24 ವರ್ಷಗಳ ಮೇಲೆ, 1967ರಲ್ಲಿ, ಅಣಬೆಗಳನ್ನು ಕುರಿತ ಒಂದು ಪುಸ್ತಕದಲ್ಲಿ ಅವರ 59 ಚಿತ್ರಗಳು ಅಚ್ಚಾದವು.

ಈಗ ನಿಮ್ಮ ಸರದಿ. ಕಿತ್ತ ದಿನವೇ ಬರೆಯಿರಿ, ಮರುದಿನಕ್ಕೆ ಬಾಡಿ ಬಣ್ಣ ಕೆಡುತ್ತದೆ. ಬಿಳಿ ಅಣಬೆಗೆ ಬಿಳಿ ಬಣ್ಣ ಬೇಡ. ಕಾಗದವನ್ನೇ ಬಿಳಿಯಾಗಿ ಬಿಟ್ಟು, ಸುತ್ತ ತೆಳುವಾಗಿ ನೆರಳು ಕೊಡಿ. ಛತ್ರಿಯ ಕೆಳಗೆ ಪುಸ್ತಕದ ಹಾಳೆಯಂಥ ಪದರುಗಳಿವೆ, ಅವನ್ನೂ ಬರೆಯಿರಿ. ರಾತ್ರಿ ಛತ್ರಿಯನ್ನು ಅರ್ಧ ಕಪ್ಪು, ಅರ್ಧ ಬಿಳಿ ಕಾಗದದ ಮೇಲೆ ಬೋರಲಿಟ್ಟು ಬಟ್ಟಲು ಮುಚ್ಚಿ. ಬೆಳಿಗ್ಗೆ ಬೀಜಕಣ ಉದುರಿ ರಂಗೋಲಿಯಾಗಿರುತ್ತದೆ.

ಅಜ್ಜ-ಅಜ್ಜಿಯರೇ, ಚಿತ್ರ ಹೋಲುತ್ತದೆ ಎಂದು ಒಗ್ಗರಣೆಗೆ ಹಾಕಿಬಿಟ್ಟೀರಿ! ವಿಷದ ಅಣಬೆಯೂ ನೋಡಲು ಹಾಗೆಯೇ ಇರಬಹುದು. ಮಕ್ಕಳ ಕೈ ತೊಳೆಸಿ.

ಚಿತ್ರದ ಮೂಲೆಯಲ್ಲಿ ಊರು, ತಾರೀಖು, ಯಾವ ಮಣ್ಣು, ಯಾವ ಮರದ ಬುಡ ಎಂದು ಬರೆಯಿರಿ. ಬ್ಯಾಂಕಿನ ಗುಮಾಸ್ತನಾಗಿದ್ದ ನನಗೆ ತಾರೀಖಿಲ್ಲದ ಕಾಗದ ಕಂಡರೆ ಈಗಲೂ ಕೈ ತುರಿಸುತ್ತದೆ.